ಚಿತ್ತಪ್ಪನ ಮುಚ್ಚಳ

ಚಿತ್ತಪ್ಪನನ್ನು ಕಂಡರೆ ನನಗೆ ಆಗುವುದಿಲ್ಲ. ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಅವನು ಒಳ್ಳೆಯವನು ಎಂದು ದುರ್ಗದ ಅರ್ಧ ಊರು ಹೇಳುತ್ತದೆ, ಹೇಳಿಕೊಳ್ಳಲಿ. ಕೆಟ್ಟವನಾಗಿದ್ದರೆ ನನಗೆ ಅನುಕೂಲವಿತ್ತು. ಎರಡು ಬೈದು, ಉಗಿದು, ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಬಂದರೆ ಉಗಿಯುವುದಕ್ಕೂ ಜಾಗ ಸಿಗುವುದಿಲ್ಲ ಸ್ವಾಮಿ.

ನಾನು ಜಂಪಣ್ಣ, ಫಿಟ್ಟರು. ಹೊಳಲ್ಕೆರೆ ರಸ್ತೆಯಲ್ಲಿದ್ದ ಹನುಮಂತಯ್ಯನವರ ವರ್ಕ್‌ಶಾಪಿನಲ್ಲಿ ಕೆಲಸ. ಎಮರ್ಜೆನ್ಸಿಗೆ ಒಂದೆರಡು ವರ್ಷ ಮುಂಚಿನ ಮಾತಿದು. ಆಗ ನಾವು ಕಡಲೆಕಾಯಿ ಸುಲಿಯುವ ಮಷೀನು ಮಾಡುತ್ತಿದ್ದೆವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಎಲ್ಲಿ ನೋಡಿದರೂ ನಮ್ಮ ಮಷೀನೇ. ಅದರ ಪಕ್ಕಕ್ಕೆ ಒಂದು ಬೀಡುಕಬ್ಬಿಣದ ಪ್ಲೇಟು. ಪ್ಲೇಟಿನ ನಡುವೆ ಒಂದು ದೊಡ್ಡ ತೂತು, ಅದಕ್ಕೆ ಬೋರ್ ಅನ್ನುತ್ತೇವೆ. ಆ ಬೋರಿನೊಳಗೆ ಮುಚ್ಚಳದ ಮೂತಿ ಕೂರಬೇಕು, ಮುಚ್ಚಳವನ್ನು ನಾಲ್ಕು ಬೋಲ್ಟು ಹಿಡಿಯಬೇಕು, ಮುಚ್ಚಳದೊಳಗಿನ ಬುಷ್ಷಿನಲ್ಲಿ ಶಾಫ್ಟು ತಿರುಗಬೇಕು. ಮಷೀನಿನ ಮರ್ಮ ಇಷ್ಟೇ. ಆ ನಾಲ್ಕು ಬೋಲ್ಟಿನ ತೂತುಗಳನ್ನು ಎಲ್ಲಿಂದ ಅಳೆದು ಕೊರೆಯಬೇಕು ಎನ್ನುವುದರಲ್ಲಿ ನನ್ನ ಬಾಳು ಸಿಕ್ಕಿಹಾಕಿಕೊಂಡಿತ್ತು.

ಹನುಮಂತಯ್ಯನವರ ತಂದೆ, ತಾತ ಎಲ್ಲ ಎತ್ತಿನ ಗಾಡಿ ಮಾಡುವ ಬಡಗಿಗಳು. ಮರದ ಒಂದು ಅಂಚಿಗೆ ಉಜ್ಜುಗೊರಡು ಹೊಡೆದು ನೇರ ಮಾಡಿಕೊಂಡು, ಆಮೇಲೆ ಏನೇ ಅಳೆದರೂ ಆ ಅಂಚಿನಿಂದಲೇ ಅಳೆಯುವುದು ಬಡಗಿಯ ಪದ್ಧತಿ. ಮರಕ್ಕೆ ಅದು ಸರಿಯೇ. ಹನುಮಂತಯ್ಯ ಮರ ಬಿಟ್ಟು ಕಬ್ಬಿಣಕ್ಕೆ ಬಂದಾಗ ಆ ಪದ್ಧತಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದರು. "ಎಡದಂಚು ಹಿಡಿ, ಯಾವತ್ತೂ ತಪ್ಪಾದಿಲ್ಲ" ಎನ್ನುವುದು ಅವರ ಮಂತ್ರ. ಡ್ರಾಯಿಂಗಿನಲ್ಲೂ ಹಾಗೆಯೇ, ಎಲ್ಲ ತೂತಿನ ಅಳತೆಯೂ ಪ್ಲೇಟಿನ ಎಡದಂಚಿನಿಂದ. ಆದರೆ ನಮ್ಮ ಪ್ಲೇಟು ಮರಳಿನ ಅಚ್ಚಿನಲ್ಲಿ ಎರೆದು ಬಂದದ್ದು. ಅದರ ಅಂಚಿಗೆ ಯಾರೂ ಉಜ್ಜುಗೊರಡು ಹೊಡೆದಿಲ್ಲ. ಒಂದರ ಅಂಚು ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಪಾಲು, ಹೆಚ್ಚು, ಇನ್ನೊಂದರದು ಅರ್ಧ ನೂಲು ಕಮ್ಮಿ. ಹಾಗಾಗಿ ಕೊರೆದ ತೂತು ಒಂದೊಂದು ಪ್ಲೇಟಿನಲ್ಲಿ ಬೋರಿನಿಂದ ಒಂದೊಂದು ದೂರಕ್ಕೆ ಬೀಳುತ್ತಿತ್ತು. ಮುಚ್ಚಳದ ಮೂತಿ ಬೋರಿನಲ್ಲಿ ಕೂತರೆ ಬೋಲ್ಟು ಹೋಗುತ್ತಿರಲಿಲ್ಲ, ಬೋಲ್ಟು ಹೋದರೆ ಮೂತಿ ಕೂರುತ್ತಿರಲಿಲ್ಲ.

ಅಲ್ಲಿಗೆ ಜಂಪಣ್ಣ ಬರಬೇಕು. ದುಂಡು ಅರ ಹಿಡಿದು, ತೂತುಗಳನ್ನು ಬೇಕಾದ ಕಡೆಗೆ ಕೂದಲೆಳೆ ಕೂದಲೆಳೆಯಾಗಿ ತೀಡಿ, ಮುಚ್ಚಳವನ್ನು ಕೂರಿಸಿ, ಶಾಫ್ಟನ್ನು ಬೆರಳಲ್ಲಿ ತಿರುಗಿಸಿ ತೋರಿಸುತ್ತಿದ್ದೆ. ಆಮೇಲೆ ಪ್ಲೇಟಿಗೂ ಮುಚ್ಚಳಕ್ಕೂ ಒಂದೇ ನಂಬರು ಹೊಡೆಯುವುದು. ಒಂದರ ಮುಚ್ಚಳ ಇನ್ನೊಂದಕ್ಕೆ ಆಗುವುದಿಲ್ಲ. "ಗಂಡ ಹೆಂಡ್ರು ಇದ್ದಂಗೆ ಕಣ್ರಲೇ, ಅದಲು ಬದಲು ಮಾಡಿದ್ರೆ ಜಗಳ" ಎಂದು ನಾನು ಹೇಳಿದರೆ ವರ್ಕ್‌ಶಾಪೆಲ್ಲ ನಗುತ್ತಿತ್ತು. ಹನುಮಂತಯ್ಯ ಮನೆಯಿಂದ ಚಹಾ ತರಿಸಿದರೆ ಮೊದಲ ಲೋಟ ನನ್ನ ಕೈಗೆ ಬರುತ್ತಿತ್ತು. ಯಾವ ಮಾತಿಗೂ "ಜಂಪಣ್ಣ ಏನಂತಾನೆ ನೋಡಾಣ" ಎನ್ನುತ್ತಿದ್ದರು.

ಆ ಎಡದಂಚಿನ ಪುಣ್ಯದಿಂದಲೇ ನಾನು ವರ್ಷಕ್ಕೊಮ್ಮೆ ಹಿರಿಯೂರಿನ ಹತ್ತಿರದ ಆದಿವಾಲಕ್ಕೆ ಹೋಗುತ್ತಿದ್ದೆ. ಅಲ್ಲಿ ಕಾಳಕ್ಕನ ಮಷೀನು ಇತ್ತು. ಗಂಡ ತೀರಿಕೊಂಡ ಮೇಲೆ ಆ ಮಷೀನನ್ನು ಯಾರಿಗೂ ಕೊಡದೆ ಅವಳೇ ನಡೆಸುತ್ತಿದ್ದಳು. ಸುತ್ತಲಿನವರು ಕಾಯಿ ತಂದು ಸುಲಿಸಿಕೊಂಡು ಹೋಗುತ್ತಿದ್ದರು. ಅವಳ ಅಣ್ಣ ಗೊಲ್ಲಪ್ಪ ಕುರಿ ಸಾಕಿಕೊಂಡು ಅವಳ ಮನೆಯ ಹಿಂದೆಯೇ ಇದ್ದ. ಸುಗ್ಗಿಯ ಧೂಳು ಕುಡಿದು ಕುಡಿದು ಬುಷ್ಷು ಸವೆದುಹೋಗುವುದು, ಮುಚ್ಚಳ ಬದಲಾಯಿಸಬೇಕಾಗುವುದು, ಹೊಸ ಮುಚ್ಚಳ ಹಳೆಯ ಪ್ಲೇಟಿಗೆ ಕೂರದೆ ಹಟ ಮಾಡುವುದು. ಆಗ ಆದಿವಾಲದಿಂದ ಹೇಳಿಕಳಿಸುತ್ತಿದ್ದರು. ನಾನು ಅರದ ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತುತ್ತಿದ್ದೆ.

ಮಧ್ಯಾಹ್ನಕ್ಕೆ ಮುಗಿಯುವ ಕೆಲಸವನ್ನು ಸಾಯಂಕಾಲದ ತನಕ ಎಳೆಯುತ್ತಿದ್ದೆ. ನಾನು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತು ಅರ ಆಡಿಸುವುದು, ಅವಳು ಎದುರಿಗೆ ಮೊರದಲ್ಲಿ ಬೀಜ ಆರಿಸುತ್ತಾ ಊರ ಸುದ್ದಿ ಹೇಳುವುದು. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. "ಇನ್ನೊಂದು ತುತ್ತು ಹಾಕಸ್ಕಳ್ರಿ, ಅರ ಎಳ್ಯಾಕೆ ಶಕ್ತಿ ಬ್ಯಾಡವಾ" ಎನ್ನುತ್ತಿದ್ದಳು. ನನ್ನ ಹೆಂಡತಿ ಮಲ್ಲಕ್ಕ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ನಮ್ಮ ಜನದಲ್ಲಿ ಉಡಿಕೆ ಉಂಟು. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಕಾಳಕ್ಕನೂ ನಮ್ಮವಳೇ. ಒಂದು ಮಾತು ಕೇಳಿದ್ದರೆ ಆಗಿತ್ತು.

ಕೇಳಲಿಲ್ಲ. ಇಡೀ ವರ್ಕ್‌ಶಾಪನ್ನು ಒಂದು ಗದರಿಕೆಗೆ ನಡುಗಿಸುವ ನನ್ನ ಬಾಯಿ ಅವಳ ಮುಂದೆ ಹೊಲಿದ ಹಾಗೆ ಆಗುತ್ತಿತ್ತು. ಮುಂದಿನ ವರ್ಷ ಕೇಳೋಣ, ಮುಚ್ಚಳವಂತೂ ಸವೆಯುತ್ತದೆ, ಬರುವುದಂತೂ ಇದ್ದೇ ಇದೆ ಎಂದುಕೊಂಡು ವಾಪಸ್ಸು ಬರುತ್ತಿದ್ದೆ.

ಅಷ್ಟರಲ್ಲಿ ಚಿತ್ತಪ್ಪ ಬಂದ. ಚಿಕ್ಕಜಾಜೂರಿನ ಹುಡುಗ, ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿ, ಬಗಲಲ್ಲಿ ಒಂದು ಟಿ-ಸ್ಕ್ವೇರ್ ಇಟ್ಟುಕೊಂಡು, ಇಸ್ತ್ರಿ ಷರ್ಟು ಹಾಕಿಕೊಂಡು ಬಂದಿದ್ದ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ; ಇವನೂ ಒಂದು ವಾರ ಎಲ್ಲ ಡ್ರಾಯಿಂಗುಗಳನ್ನೂ ತಿರುವಿ ಹಾಕಿದ. ಆಮೇಲೆ ನೇರವಾಗಿ ನನ್ನ ಬೆಂಚಿನ ಹತ್ತಿರ ಬಂದು ನಿಂತ.

"ಜಂಪಣ್ಣಾರೆ, ಒಂದು ಕೇಳ್ಲಾ? ಈ ಮುಚ್ಚಳ ಕೂರಾದು ಯಾವುದರ ಮ್ಯಾಲೆ?"

"ಪ್ಲೇಟಿನ ಮ್ಯಾಲೆ. ಇನ್ನೇನು ನಿನ್ನ ತಲೆ ಮ್ಯಾಲಾ?"

ಅವನು ನಕ್ಕ. ನಗಬಾರದಿತ್ತು. "ಸರಿ. ಪ್ಲೇಟಿನ ಮುಖದ ಮ್ಯಾಲೆ ಕುಂತ್ಕಂತು. ಆಮ್ಯಾಲೆ ಅತ್ಲಾಗಿತ್ಲಾಗೆ ಜರುಗದಂಗೆ ಇದನ್ನ ಹಿಡ್ಯಾದು ಯಾವುದು?"

"ಬೋರು."

"ತಿರುಗದಂಗೆ?"

"ತಿರುಗದಂಗೆ ಬೋಲ್ಟು ಹಿಡಿತಾವೆ. ಮುಚ್ಚಳದ ಎಣ್ಣೆ ಬಟ್ಟಲು ಮ್ಯಾಲಕ್ಕೆ ಬರಬೇಕು, ಅದಕ್ಕೆ ಪ್ಲೇಟಿನ ಕೆಳಗಿನ ಪೀಠ ನೋಡ್ಕಂಡು ಕೂರಿಸ್ತೀನಿ."

"ಹಂಗಾರೆ ಮುಚ್ಚಳ ಎಡದಂಚನ್ನ ಎಲ್ಲಾದ್ರೂ ಮುಟ್ತೈತಾ?"

ನಾನು ಅರಕ್ಕೆ ಅಂಟಿದ ಪುಡಿ ಉದುರಿಸತೊಡಗಿದೆ.

"ಮುಟ್ಟದೇ ಇರಾ ಅಂಚಿನಿಂದ ಯಾಕಣ್ಣ ಅಳಿತೀವಿ?" ಎಂದ.

ನನಗೆ ಆಗಲೇ ಗೊತ್ತಾಯಿತು. ಅವನು ಹೇಳಿದ್ದು ಸರಿ. ಇಷ್ಟು ವರ್ಷ ಅರ ಹಿಡಿದ ಕೈಗೆ ಅದು ಗೊತ್ತಾಗದೆ ಇರುತ್ತದೆಯೇ! ತಪ್ಪು ಹೇಳಿದ್ದರೆ ಎರಡು ಏಟು ಹಾಕಿ ಕಳಿಸಬಹುದಿತ್ತು. ಸರಿ ಹೇಳಿದ ಎನ್ನುವುದಕ್ಕೇ ಮೈಯೆಲ್ಲ ಉರಿದುಹೋಯಿತು. "ಹೋಗಯ್ಯ, ಹೋಗು, ನಿಮ್ಮಪ್ಪನ ರೈಲಿಗೆ ಅಳತೆ ಹಾಕು" ಎಂದೆ. ಅವನು ಬೇಜಾರು ಮಾಡಿಕೊಳ್ಳದೆ ತಲೆಯಾಡಿಸಿಕೊಂಡು ಹೋದ. ಅದಕ್ಕೂ ಉರಿಯಿತು.

ಅವನು ಹೋಗಿ ಹನುಮಂತಯ್ಯನವರ ಮುಂದೆ ಹೊಸ ಡ್ರಾಯಿಂಗ್ ಹರಡಿದ. ಅಳತೆ ಶುರುವಾಗುವ ಜಾಗಕ್ಕೆ ಡೇಟಂ ಎಂದು ಹೆಸರಂತೆ. ಮೊದಲನೇ ಡೇಟಂ ಲೇತಿನಲ್ಲಿ ಉಜ್ಜಿದ ಮುಖ, ಎರಡನೆಯದು ಬೋರು, ಮೂರನೆಯದು ಕೆಳಗಿನ ಪೀಠ. ವಸ್ತು ಹೇಗೆ ಕೂರುತ್ತದೋ ಹಾಗೆ ಅಳೆಯಬೇಕು, ಹೊರಗಿನ ಅಂಚು ಸೊಟ್ಟಗಾದರೂ ಇರಲಿ ಮುಂದಾದರೂ ಬರಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ವಿವರಿಸಿದ. ಹನುಮಂತಯ್ಯ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಹಂಗಾರೆ ಯಾವ ಮುಚ್ಚಳ ಯಾವ ಪ್ಲೇಟಿಗಾದ್ರೂ ಆಗ್ತೈತಾ?" ಎಂದು ಕೇಳಿದರು. ಆಗುತ್ತದೆ ಎಂದ. "ಜಂಪಣ್ಣ ಏನಂತಾನೆ" ಎಂದು ಅವತ್ತು ಯಾರೂ ಕೇಳಲಿಲ್ಲ. ಸಾಯಂಕಾಲದ ಚಹಾದ ಮೊದಲ ಲೋಟ ಆ ಹುಡುಗನ ಕೈಗೆ ಹೋಯಿತು. ನನಗೆ ಬಂದದ್ದು ಎರಡನೆಯದು. ಕುಡಿಯಲಿಲ್ಲ, ಚೆಲ್ಲಿದೆ.

ನೀವು ಕೇಳಬಹುದು, ಚಹಾಕ್ಕೆ ಯಾಕಯ್ಯ ಇಷ್ಟು ಸಿಟ್ಟು ಎಂದು. ಚಹಾ ಹಾಳಾಗಿ ಹೋಗಲಿ. ಯಾವ ಮುಚ್ಚಳ ಯಾವ ಪ್ಲೇಟಿಗಾದರೂ ಆಗುವುದಾದರೆ ಆದಿವಾಲಕ್ಕೆ ಜಂಪಣ್ಣ ಯಾಕೆ ಹೋಗಬೇಕು? ಸ್ಪ್ಯಾನರ್ ಹಿಡಿಯಲು ಬರುವ ಯಾವ ಹೈದನಾದರೂ ಹಾಕಿಕೊಳ್ಳಬಹುದಲ್ಲ. ಆ ಹುಡುಗ ಕಾಗದದ ಮೇಲೆ ನಾಲ್ಕು ಗೆರೆ ಎಳೆದು ಕಾಳಕ್ಕನ ಮನೆಯ ದಾರಿಯನ್ನೇ ನನಗೆ ಮುಚ್ಚಿಬಿಟ್ಟಿದ್ದ. ಇದನ್ನು ನಾನು ಯಾರಿಗೆ ಹೇಳಲಿ?

ಹನುಮಂತಯ್ಯ ಪರೀಕ್ಷೆ ಇಟ್ಟರು. ಹೊಸ ಡ್ರಾಯಿಂಗಿನಂತೆ ಒಂದಷ್ಟು ಪ್ಲೇಟು, ಒಂದಷ್ಟು ಮುಚ್ಚಳ ಕೊರೆಯಬೇಕು, ಎಲ್ಲವನ್ನೂ ಗುಡ್ಡೆ ಹಾಕಿ ಕಲಸಿ ಯಾವುದಕ್ಕೆ ಯಾವುದು ಬಂದರೂ ಕೂರಿಸಿ ನೋಡಬೇಕು. ಮಾರ್ಕಿಂಗ್ ಕೆಲಸ ಕಾಟಪ್ಪನದು. ಹನುಮಂತಯ್ಯನವರ ಜೊತೆಯಲ್ಲೇ ಗಾಡಿ ಕೆಲಸ ಕಲಿತ ಹಳಬ, ಕಬ್ಬಿಣಕ್ಕೆ ಸುಣ್ಣ ಬಳಿದು ಗೆರೆ ಎಳೆಯುವುದರಲ್ಲಿ ನಿಸ್ಸೀಮ. ಅವನು ಗೆರೆ ಎಳೆದ, ಡ್ರಿಲ್ಲಿನವರು ಕೊರೆದರು. ಎಲ್ಲರೂ ಸುತ್ತ ನಿಂತರು. ಚಿತ್ತಪ್ಪ ಒಂದು ಮುಚ್ಚಳ ತೆಗೆದು ಒಂದು ಪ್ಲೇಟಿನ ಮೇಲಿಟ್ಟ.

ಕೂರಲಿಲ್ಲ. ಬೋಲ್ಟು ಅರ್ಧಕ್ಕೆ ನಿಂತಿತು.

ಇನ್ನೊಂದು ತೆಗೆದ, ಅದೂ ಇಲ್ಲ. ಮತ್ತೊಂದು, ಅದೂ ಇಲ್ಲ. ಮೊದಲು ಯಾರೋ ಒಬ್ಬರು ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಚಿತ್ತಪ್ಪನ ಕಿವಿ ಕೆಂಪಾಯಿತು. ಅವನು ಡ್ರಾಯಿಂಗ್ ತೆಗೆದು ನೋಡುತ್ತಾನೆ, ಪ್ಲೇಟು ನೋಡುತ್ತಾನೆ, ಮತ್ತೆ ಡ್ರಾಯಿಂಗ್ ನೋಡುತ್ತಾನೆ. ಅಯ್ಯೋ, ಆ ಮುಖ! ನನಗೆ ಹಬ್ಬದೂಟ ಉಂಡಷ್ಟು ಸಮಾಧಾನವಾಯಿತು.

"ಹೋಗ್ಲಿ ಬಿಡಪ್ಪ" ಎಂದರು ಹನುಮಂತಯ್ಯ. "ಓದಿದ್ದೆಲ್ಲ ಕಬ್ಬಿಣಕ್ಕೆ ತಿಳಿಯಾದಿಲ್ಲ. ಹಳೇ ಪದ್ಧತಿಗೇ ಹೋಗಾಣ. ಜಂಪಣ್ಣ, ಅರ ತಗಳಪ್ಪ."

ನಾನು ಎದೆ ಸೆಟೆಸಿಕೊಂಡು ಬಂದು, ಅರ ತೆಗೆದು, ಪ್ಲೇಟನ್ನು ವೈಸಿಗೆ ಕಚ್ಚಿಸಿದೆ. ಕೈಗೆ ಬಂದ ತುತ್ತು ಬಾಯಿಗೂ ಬಂದಿತ್ತು. ಆದಿವಾಲವೂ ಉಳಿಯಿತು, ಕಟ್ಟೆಯೂ ಉಳಿಯಿತು. ಆಗ ಕಣ್ಣಿಗೆ ಬಿತ್ತು. ಸುಣ್ಣದ ಮೇಲೆ ಕಾಟಪ್ಪ ಎಳೆದ ಗೆರೆಗಳೆಲ್ಲ ಹೊರಟಿದ್ದವು ಎಡದಂಚಿನಿಂದ. ಬೋರಿನಲ್ಲಿ ಒಂದು ಗುರುತೂ ಇಲ್ಲ.

"ಕಾಟಣ್ಣ, ಎಲ್ಲಿಂದ ಅಳೆದೆ?" ಎಂದು ಕೇಳಿದೆ, ಮೆಲ್ಲಗೇ.

"ಡ್ರಾಯಿಂಗಿನಾಗೆ ಬೋರಿನಿಂದ ಇಷ್ಟು ಅಂತ ಐತೆ. ಹಳೇ ಡ್ರಾಯಿಂಗಿನಾಗೆ ಬೋರು ಎಡದಂಚಿನಿಂದ ಇಷ್ಟು ಅಂತ ಐತೆ. ಎರಡೂ ಕೂಡಿಸ್ದೆ, ಕಳೆದೆ, ಅಂಚಿನಿಂದ ಗೆರೆ ಹೊಡೆದೆ. ಎಲ್ಲಿಂದ ಅಳೆದ್ರೂ ಲೆಕ್ಕ ಒಂದೇ ಅಲ್ವೇನಪ್ಪ?"

ಲೆಕ್ಕ ಕಾಗದದ ಮೇಲೆ ಒಂದೇ. ಅಂಚು ಒಂದೇ ಇದ್ದರೆ ತಾನೆ! ನನಗೆ ಬೇಕಾಗಿದ್ದದ್ದು ಸುಮ್ಮನಿರುವುದು, ಅಷ್ಟೇ. ತುಟಿ ಕಚ್ಚಿಕೊಂಡು ಅರ ಎಳೆಯುವುದು. ಎಳೆದೆ ಕೂಡ. ಆದರೆ ಕಾಟಪ್ಪ ಸುಮ್ಮನಿರಬೇಕಲ್ಲ. ಹಿಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ, "ಆ ಹುಡುಗನ ಕೆಲಸಾನೇ ಅಷ್ಟು, ನಾವು ಮಾಡಾದು ಸರಿಯಾಗೇ ಮಾಡೀವಿ" ಎಂದ. ಕೆಟ್ಟ ಕೆಲಸ ಮಾಡಿ ಸರಿಯಾಗಿ ಮಾಡಿದೆ ಅನ್ನುವವನನ್ನು ನಾನು ಹುಟ್ಟಿದಾಗಿನಿಂದ ಸಹಿಸಿಲ್ಲ. ನೆತ್ತಿಗೆ ಏರಿಬಿಟ್ಟಿತು.

"ಲೇ ಕಾಟ, ಏನ್ ಸರಿಯಾಗಿ ಮಾಡಿದ್ಯೋ?" ಎಂದು ಅರ ಎಸೆದೆ. "ಬೋರಿನಿಂದ ಅಳಿ ಅಂದ್ರೆ ಬೋರಿನಿಂದ ಅಳೀಬೇಕು! ಅಂಚು ಹಾವು ಹರಿದಂಗೆ ಐತೆ, ಅದರಿಂದ ಅಳೆದು ಬೋರಿನ ಲೆಕ್ಕ ಅಂತೀಯಲ್ಲ, ಕಣ್ಣು ಬಾಡಿಗೆಗೆ ಕೊಟ್ಟಿದ್ಯಾ? ಬೋರಿಗೆ ಒಂದು ಮರದ ತುಂಡು ಬಡಿದು, ನಡುವೆ ತಗಡು ಹೊಡೆದು, ಕಂಪಾಸು ಆಡ್ಸಿ ನಡು ಹುಡುಕು. ಅಲ್ಲಿಂದ ಗೆರೆ ಹಾಕು. ಆಗ ಕೂರದಿದ್ರೆ ನನ್ನ ಹೆಸರು ಜಂಪಣ್ಣ ಅಲ್ಲ!"

ಮಾತು ಮುಗಿದ ಮೇಲೆ ನಾನು ಏನು ಹೇಳಿದೆ ಎಂದು ನನಗೇ ಕೇಳಿಸಿತು. ಚಿತ್ತಪ್ಪ ನನ್ನ ಕಡೆ ದೇವರನ್ನು ನೋಡಿದ ಹಾಗೆ ನೋಡುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೆಯ ದಿನ ಬೇರೆ ಪ್ಲೇಟುಗಳನ್ನು ಬೋರಿನಿಂದ ಅಳೆದು ಹೊಸದಾಗಿ ಕೊರೆದರು. ಹನುಮಂತಯ್ಯ ತಾವೇ ಗುಡ್ಡೆಯಿಂದ ಕಣ್ಣು ಮುಚ್ಚಿ ಒಂದು ಮುಚ್ಚಳ ತೆಗೆದು ಇಟ್ಟರು. ಟಕ್ ಎಂದು ಕೂತಿತು. ನಾಲ್ಕು ಬೋಲ್ಟೂ ಬೆರಳಲ್ಲೇ ಇಳಿದವು. ಇನ್ನೊಂದು, ಟಕ್. ಆ ಸದ್ದು ಕೇಳಿದಾಗಲೆಲ್ಲ ನನ್ನ ಎದೆಗೆ ಸುತ್ತಿಗೆ ಬಿದ್ದ ಹಾಗಾಗುತ್ತಿತ್ತು. "ಎಲ್ಲ ಜಂಪಣ್ಣಾರಿಂದ" ಎಂದ ಚಿತ್ತಪ್ಪ, ಎಲ್ಲರ ಮುಂದೆ. ಮಾಡಿದ್ದುಣ್ಣೋ ಮಹರಾಯ!

ಇನ್ನೂ ಒಂದು ಆಸೆಯಿತ್ತು. ಹಳ್ಳಿಗಳಲ್ಲಿರುವ ಹಳೆಯ ಮಷೀನುಗಳಿಗೆ ಹೊಸ ಮುಚ್ಚಳ ಆಗುವುದಿಲ್ಲ, ಅವುಗಳ ತೂತು ಹಳೆಯ ಅಳತೆಯದು. ಆ ಹುಡುಗ ಅದಕ್ಕೂ ದಾರಿ ಹುಡುಕಿದ. ಬೋರಿಗೆ ಸರಿಯಾಗಿ ಕೂರುವ ಮೂತಿಯಿರುವ ಒಂದು ದಪ್ಪ ತಟ್ಟೆ ಮಾಡಿಸಿದ, ಅದರಲ್ಲಿ ನಾಲ್ಕು ತೂತು. ಅದನ್ನು ಹಳೆಯ ಪ್ಲೇಟಿಗೆ ಕಚ್ಚಿಸಿ, ಹಳೆಯ ತೂತುಗಳ ಸಂದಿಯಲ್ಲಿ ಹೊಸ ತೂತು ಕೊರೆದರೆ ಮುಗಿಯಿತು. ಊರೂರಿಗೂ ಹೋಗಿ ಕೊರೆದು ಬರಬೇಕು. ನಾನು ಹೋಗುತ್ತೇನೆ ಎಂದೆ. "ನೀನ್ಯಾಕಪ್ಪ ಬಸ್ಸಿನಾಗೆ ನುಗ್ಗಾಡಿ ಸಾಯ್ತೀಯ? ಇಷ್ಟು ವರ್ಷ ಅಲೆದಿದ್ದು ಸಾಕು. ಹುಡುಗ ಹೋಗಿ ಬರ್ತಾನೆ" ಎಂದರು ಹನುಮಂತಯ್ಯ. ನನ್ನ ಬೆನ್ನು ತಟ್ಟಿದರು ಬೇರೆ.

ಹೊಸದುರ್ಗದ ಕಡೆಗೆ ಹೋದ, ನನಗೇನೂ ಆಗಲಿಲ್ಲ. ಹೊಳಲ್ಕೆರೆ ಕಡೆಗೆ ಹೋದ, ಆಗಲೂ ಏನಿಲ್ಲ. ಹಿರಿಯೂರಿನ ಬಸ್ಸು ಹತ್ತಿದ ದಿನ ನನಗೆ ಅನ್ನ ಸೇರಲಿಲ್ಲ. ತಿರುಗಿ ಬಂದವನು ನನ್ನ ಬೆಂಚಿಗೇ ಬಂದು ಕೂತ.

"ಜಂಪಣ್ಣಾರೆ, ಆದಿವಾಲದಾಗೆ ಕಾಳಕ್ಕ ಅಂತ ಅವ್ರಲ್ಲ, ಎಂಥಾ ಮುದ್ದೆ ಮಾಡ್ತಾರಣ್ಣ! ಹುರುಳಿಕಾಳಿನ ಸಾರು. ಹೊಟ್ಟೆ ಬಿರಿಯಂಗೆ ಉಂಡೆ."

"ಎಲ್ಲಿ ಕೂರಿಸಿದ್ಲು ನಿನ್ನ?"

"ಬಾಗಿಲ ಪಕ್ಕದ ಕಟ್ಟೆ ಮ್ಯಾಲೆ."

ನನ್ನ ಕಟ್ಟೆ! ಆ ಕಟ್ಟೆಯ ಮೇಲೆ ನಾನು ಕೂತು ಕೂತು ಸಗಣಿ ಸಾರಿಸಿದ್ದೂ ಸವೆದಿತ್ತು. ನನ್ನ ಸಾರು, ನನ್ನ ಮುದ್ದೆ. "ಇನ್ನೊಂದು ತುತ್ತು ಹಾಕಸ್ಕ ಅಂದ್ಲಾ?" ಎಂದು ಕೇಳಿದೆ. ಕೇಳಬಾರದಿತ್ತು. ಕೇಳದೆ ಇರಲು ಆಗಲಿಲ್ಲ.

"ಮೊದ್ಲು ಅಂದ್ರು. ಆಮ್ಯಾಲೆ ನಾನು ಮಾತಿಗೆ ಮಾತು ಹೇಳ್ದೆ, 'ಇನ್ನ ನಿಮಗೆ ತೊಂದ್ರೆ ಇಲ್ಲಕ್ಕ, ಮುಚ್ಚಳ ಬಸ್ಸಿನಾಗೆ ಕಳಿಸ್ತೀವಿ, ನೀವೇ ಹಾಕ್ಕಬಹುದು, ಜಂಪಣ್ಣಾರು ಬರಾದೇ ಬ್ಯಾಡ' ಅಂತ."

"ಅದಕ್ಕೇನಂದ್ಲು?"

"ಏನೂ ಅನ್ಲಿಲ್ಲ. ಎದ್ದು ಒಳಗೆ ಹೋದ್ರು."

ಏನೂ ಅನ್ನಲಿಲ್ಲವಂತೆ. ಪೀಡೆ ಕಳೆಯಿತು ಅಂದುಕೊಂಡಳೋ ಏನೋ! ವರ್ಷವರ್ಷ ಬಂದು, ಇಡೀ ದಿನ ಕೂತು, ಅರದ ಕಿರಗುಟ್ಟುವಿಕೆ ಕೇಳಿಸಿ, ಎರಡು ಮುದ್ದೆ ನುಂಗಿ ಹೋಗುವ ಮುದಿ ಫಿಟ್ಟರಿಗಿಂತ ಇಸ್ತ್ರಿ ಷರ್ಟಿನ ಹುಡುಗ ಒಳ್ಳೆಯವನಲ್ಲವೇ? ಅವನಿಗಿನ್ನೂ ಮದುವೆಯಾಗಿರಲಿಲ್ಲ. ಅವಳಿಗಿಂತ ಚಿಕ್ಕವನು, ನಿಜ. ಮನಸ್ಸಿಗೆ ಹೊಟ್ಟೆಕಿಚ್ಚು ಹತ್ತಿದ ಮೇಲೆ ವಯಸ್ಸಿನ ಲೆಕ್ಕ ಯಾರು ನೋಡುತ್ತಾರೆ. ಅವನು ಟಿ-ಸ್ಕ್ವೇರ್ ಹಿಡಿದು ಬಗ್ಗಿದಾಗ ಆ ಬೆನ್ನಿಗೆ ಒಂದು ಗುದ್ದು ಹಾಕಬೇಕು ಅನ್ನಿಸುತ್ತಿತ್ತು. ಅವನು ತಲೆಯೆತ್ತಿ "ಚಹಾ ಕುಡಿಯಾಣ ಬರ್ರಿ ಅಣ್ಣ" ಎನ್ನುತ್ತಿದ್ದ.

ಸುಗ್ಗಿ ಬಂತು. ಆದಿವಾಲದಿಂದ ಮುಚ್ಚಳ ಬೇಕು ಎಂದು ಹೇಳಿಕಳಿಸಿದರು. ಮುಚ್ಚಳವನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ನಾನು ನೋಡುತ್ತಾ ನಿಂತಿದ್ದೆ. ನಾನು ಕೂರುತ್ತಿದ್ದ ಸೀಟಿನ ಕೆಳಗೇ ಆ ಗೋಣಿ ಹೋಯಿತು. ಕೆಲವು ದಿನದ ಮೇಲೆ ಅದೇ ಕಂಡಕ್ಟರ್ ಸುದ್ದಿ ತಂದ, ಕಾಳಕ್ಕ ತಾನೇ ಸ್ಪ್ಯಾನರ್ ಹಿಡಿದು ಹಾಕಿಕೊಂಡಳಂತೆ, ಮಷೀನು ಜೋರಾಗಿ ಓಡುತ್ತಿದೆಯಂತೆ. ಜಂಪಣ್ಣನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ನಾನು ಹಾಗೆಯೇ ಒಳಗೊಳಗೇ ಬೆಂದುಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಒಂದು ಶುಕ್ರವಾರ ಚಿತ್ತಪ್ಪ ಹೇಳಿದ, "ಸೋಮವಾರ ಜವನಗೊಂಡನಹಳ್ಳಿಗೆ ಹೊಸ ಮಷೀನು ನೋಡಾಕೆ ಹೋಗ್ತೀನಿ. ದಾರೀಲೇ ಆದಿವಾಲ. ಇಳಿದು ಕಾಳಕ್ಕನ್ನ ಮಾತಾಡ್ಸಿ, ಊಟ ಮುಗಿಸ್ಕಂಡು ಹೋಗಾಣ ಅಂತ." ಊಟ ಮುಗಿಸಿಕೊಂಡು! ಶನಿವಾರ ಬೆಳಿಗ್ಗೆ ನಾನು ಹನುಮಂತಯ್ಯನವರಿಗೆ ಮೈಗೆ ಹುಷಾರಿಲ್ಲ ಎಂದು ಹೇಳಿಕಳಿಸಿ ಮೊದಲ ಬಸ್ಸು ಹತ್ತಿದೆ. ಯಾಕೋ ಏನೋ, ಅರದ ಚೀಲವನ್ನೂ ತೆಗೆದುಕೊಂಡಿದ್ದೆ.

ಆದಿವಾಲದಲ್ಲಿ ಬಿಸಿಲು ಏರಿತ್ತು. ಕಾಳಕ್ಕನ ಅಂಗಳದ ತುಂಬ ಕಾಯಿಯ ಮೂಟೆ, ಮೂಟೆಗಳ ಮೇಲೆ ಸರದಿಗೆ ಕಾದು ಕೂತ ಜನ. ಮಷೀನು ಗರಗರ ಓಡುತ್ತಿತ್ತು. ನಾನು ಕಿವಿಯಲ್ಲೇ ನೋಡಿದೆ, ಶಾಫ್ಟಿನಲ್ಲಿ ಒಂದಿಷ್ಟೂ ಅಪಸ್ವರವಿಲ್ಲ. ಚಿತ್ತಪ್ಪನ ಮುಚ್ಚಳ ಕಲ್ಲು ಕೂತ ಹಾಗೆ ಕೂತಿತ್ತು. ಕಾಳಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು, ಹೊಟ್ಟಿನ ಧೂಳಿನ ನಡುವೆ ನಿಂತು ಕಾಯಿ ಸುರಿಯುತ್ತಿದ್ದಳು. ನನ್ನನ್ನು ಕಂಡು ಪುಟ್ಟಿ ಕೆಳಗಿಟ್ಟಳು.

"ಏನ್ರಿ ಜಂಪಣ್ಣಾರೆ, ಮಷೀನು ಕೆಟ್ಟಿಲ್ವಲ್ಲ?" ಮುಖದಲ್ಲಿ ನಗು ಇರಲಿಲ್ಲ.

"ನೋಡ್ಕಂಡು ಹೋಗಾಣ ಅಂತ. ಹೊಸ ಮುಚ್ಚಳ ಹೆಂಗೈತೆ ಅಂತ."

"ಚೆನ್ನಾಗೈತೆ."

ನಾನು ಬಗ್ಗಿ ಮುಚ್ಚಳದ ಮೇಲೆ ಕೈಯಿಟ್ಟೆ. ಬಿಸಿಯೂ ಆಗಿರಲಿಲ್ಲ, ಹಾಳಾದ್ದು. "ಒಂದು ಸಲ ಬಿಚ್ಚಿ ತೂತು ನೋಡ್ತೀನಿ, ಎಲ್ಲಾದ್ರೂ ಒಂಚೂರು ತೀಡಬೇಕಾಗಬಹುದು" ಎಂದೆ.

"ಮುಟ್ಟಬ್ಯಾಡ್ರಿ. ಜನ ಕಾಯ್ತಾ ಅವ್ರೆ. ಅದು ತಾನೇ ಕುಂತ್ಕಂತು, ಯಾರೂ ತೀಡಾದೇ ಬ್ಯಾಡವಂತೆ." ಸೊಂಟದ ಮೇಲೆ ಕೈಯಿಟ್ಟಳು. "ಮತ್ತ್ಯಾಕೆ ಬಂದ್ರಿ?"

ಎಲ್ಲ ನೆಪಗಳೂ ಮುಗಿದಿದ್ದವು. ಹೇಳುವುದಕ್ಕೆ ಉಳಿದಿದ್ದದ್ದು ಒಂದೇ ಮಾತು. ಹೇಳಿದೆ. ಮಷೀನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

"ಏನು?" ಎಂದಳು.

ಮತ್ತೆ ಹೇಳಿದೆ.

"ಕೇಳ್ತಿಲ್ಲ, ಜೋರಾಗಿ ಹೇಳ್ರಿ!"

ಸಿಟ್ಟು ಬಂತು. ನನಗೆ ಯಾವುದೂ ಸಿಟ್ಟಿಲ್ಲದೆ ಬರುವುದಿಲ್ಲ. "ನಿನ್ನ ನೋಡಾಕೆ ಬಂದೆ ಕಣೇ!" ಎಂದು ಕೂಗಿದೆ. "ಮುಚ್ಚಳಕ್ಕೆ ಬೆಂಕಿ ಬೀಳ್ಲಿ! ಇಷ್ಟು ವರ್ಷಾನೂ ನಿನ್ನ ನೋಡಾಕೇ ಬಂದಿದ್ದು! ಆ ಚಿತ್ತಪ್ಪ ಈ ಕಟ್ಟೆ ಮ್ಯಾಲೆ ಕುಂತು ಉಂಡ ಅಂದಾಗಿಂದ ನಂಗೆ ಒಂದು ತುತ್ತು ಇಳಿದಿಲ್ಲ!"

ಮೂಟೆಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕ ಬಾಯಿಂದ ಬೀಡಿ ತೆಗೆದ. ಕಾಳಕ್ಕ ಹೋಗಿ ಸ್ವಿಚ್ ಆರಿಸಿದಳು. ಮಷೀನಿನ ಪಟ್ಟಿ ಇನ್ನೊಂದಿಷ್ಟು ಸುತ್ತಿ ನಿಂತುಕೊಂಡಿತು. ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಳು. ಕಣ್ಣಿಗೆ ಹೊಟ್ಟಿನ ಧೂಳು ಬಿದ್ದಿತ್ತೋ ಏನೋ, ಕಣ್ಣನ್ನೇ ಜಾಸ್ತಿ ಒರೆಸಿದಳು.

"ಆ ಹುಡುಗ ನಗ್ತಾ ನಗ್ತಾ 'ಜಂಪಣ್ಣಾರು ಇನ್ನ ಬರಾದೇ ಬ್ಯಾಡಕ್ಕ' ಅಂದ" ಎಂದಳು. "ಅವನ ಮುಂದ್ಗಡೆಯಿಂದ ತಟ್ಟೆ ಕಿತ್ಕಂಡು ನಾಯಿಗೆ ಹಾಕಾಣ ಅನ್ನಿಸ್ತು ನಂಗೆ. ಯಾರು ಕೇಳಿದ್ರು ಅವನ ಡ್ರಾಯಿಂಗ? ಮುಚ್ಚಳ ಬಂದಾಗಿಂದ ಈ ಮಷೀನು ಒಂದು ಸದ್ದು ತಪ್ಪಿದ್ರೆ ಸಾಕು, ಹೇಳಿಕಳಿಸಾಣ ಅಂತ ಕಿವಿ ಕೊಟ್ಕಂಡು ನಿಂತಿದೀನಿ. ಹಾಳಾದ್ದು, ಕೆಡಾಕೇ ಒಲ್ದು!"

ಅರದ ಚೀಲ ಹೆಗಲಿನಿಂದ ಜಾರಿ ಮೊಣಕೈಗೆ ಬಂದಿತ್ತು. ಅವಳೇ ಅದನ್ನು ಕಿತ್ತುಕೊಂಡು ಮೂಲೆಗೆ ಎಸೆದಳು.

"ನಮ್ಮಣ್ಣ ಗೊಲ್ಲಪ್ಪ ಹಿಂದ್ಗಡೆ ದೊಡ್ಡೀಲಿ ಕುರಿ ಉಣ್ಣೆ ಕತ್ತರಿಸ್ತಾ ಅವ್ನೆ. ಹೋಗಿ ಈ ಮಾತು ಅವನಿಗೆ ಹೇಳ್ರಿ" ಎಂದಳು. "ಮೊದ್ಲು ನನಗೆ ಹೇಳ್ದಂಗೆ ಗುನುಗಬ್ಯಾಡ್ರಿ. ಅವನಿಗೆ ಒಂದು ಕಿವಿ ಕೇಳಾದಿಲ್ಲ."

ಹೋದೆ. ಅಲ್ಲಿ ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳಿದ್ದು ಬಸ್ಸು ನಿಲ್ಲುವ ರಸ್ತೆಯ ತನಕ ಕೇಳಿಸಿತಂತೆ.